ಮನೆಗೆ ಸ್ವಂತವಾಗಿ ಕಟ್ಟಿಕೊಳ್ಳುವ ಸೌರ ವಿದ್ಯುತ್: ಖರೀದಿಗೆ ಮೊದಲು ಖರ್ಚಿನ ಲೆಕ್ಕ

ಸೋಲಾರ್ ಹಾಕಬೇಕೆಂದು ಹೊರಟವರು ಮೊದಲು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: ಕಿಲೋವ್ಯಾಟಿಗೆ ಎಷ್ಟು ಬೀಳುತ್ತದೆ? ಬ್ಯಾಟರಿ ಇರುವ ವ್ಯವಸ್ಥೆಗೆ ಈ ಪ್ರಶ್ನೆಯಿಂದ ಸರಿಯಾದ ಉತ್ತರ ಸಿಗುವುದಿಲ್ಲ. ಅಂಥ ವ್ಯವಸ್ಥೆಯ ಒಟ್ಟು ಖರ್ಚಿನಲ್ಲಿ ಪ್ಯಾನೆಲ್‌ನ ಪಾಲು ಈಗ ಆರನೆಯ ಒಂದು ಭಾಗದ ಆಸುಪಾಸಿನಲ್ಲಿದೆ. ಉಳಿದ ಹಣವೆಲ್ಲ ಬ್ಯಾಟರಿ, ಇನ್ವರ್ಟರ್, ತಂತಿ, ಚೌಕಟ್ಟು ಮತ್ತು ರಕ್ಷಣೆಯ ಸಾಮಾನುಗಳಿಗೆ ಹೋಗುತ್ತದೆ. ಇವುಗಳ ಗಾತ್ರವನ್ನು ನಿರ್ಧರಿಸುವುದು ಪ್ಯಾನೆಲ್ ಅಲ್ಲ, ಮನೆಯ ಬಳಕೆ ಮತ್ತು ವರ್ಷದ ಅತ್ಯಂತ ಮೋಡ ಕವಿದ ತಿಂಗಳು. ಆದ್ದರಿಂದ ಲೆಕ್ಕವನ್ನು ಅಡುಗೆಮನೆಯಿಂದ ಆರಂಭಿಸಿ ಮಾಡಿಗೆ, ಎಂದರೆ ಛಾವಣಿಗೆ, ಕೊಂಡೊಯ್ಯಬೇಕು. ಮಾಡಿನಿಂದ ಕೆಳಗೆ ಇಳಿಸಬಾರದು.

ಇಲ್ಲಿ ಉದಾಹರಣೆಗೆ ಹಿಡಿದಿರುವುದು ಶಿರಸಿ ಸೀಮೆಯ ಒಂದು ಹೆಂಚಿನ ಮನೆ. ಸುತ್ತ ಅಡಿಕೆ ತೋಟ, ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಹೋಗುವ ಕರೆಂಟು, ಮನೆಯಲ್ಲಿ ನಾಲ್ಕೈದು ಮಂದಿ. ಕೊಟ್ಟಿರುವ ದರಗಳು ಲೆಕ್ಕದ ಕ್ರಮವನ್ನು ತೋರಿಸಲು ನಾನು ತೆರಿಗೆ ಸೇರಿಸಿ ಹಿಡಿದ ಅಂದಾಜುಗಳು. ನಿಮ್ಮ ಊರಿನ ಎರಡು ಮೂರು ಅಂಗಡಿಗಳಿಂದ ಬರಹದಲ್ಲಿ ದರಪಟ್ಟಿ ಪಡೆದು ಅವುಗಳ ಜಾಗದಲ್ಲಿ ತುಂಬಿಕೊಳ್ಳಬೇಕು.

ಮೊದಲ ಹೆಜ್ಜೆ: ಏತಕ್ಕಾಗಿ ಎಂಬುದನ್ನು ಬರೆದಿಡಿ

ಬಿಲ್ಲು ಇಳಿಸುವುದು ಒಂದು ಉದ್ದೇಶ, ಕರೆಂಟು ಹೋದಾಗಲೂ ಮನೆ ನಡೆಯುವುದು ಇನ್ನೊಂದು. ಎರಡಕ್ಕೂ ಬೇಕಾಗುವ ವ್ಯವಸ್ಥೆಗಳು ಬೇರೆ ಬೇರೆ, ಖರ್ಚೂ ಬೇರೆ.

ಬಿಲ್ಲು ಇಳಿಸುವುದಕ್ಕಾಗಿ ಹಾಕುವ, ವಿದ್ಯುತ್ ಕಂಪನಿಯ ಲೈನಿಗೇ (ಗ್ರಿಡ್‌ಗೆ) ಜೋಡಿಸುವ ವ್ಯವಸ್ಥೆಗೆ ಬ್ಯಾಟರಿ ಬೇಕಿಲ್ಲ. ಆದರೆ ಲೈನಿನಲ್ಲಿ ಕರೆಂಟು ಹೋದ ಕ್ಷಣ ಅದೂ ನಿಂತುಬಿಡುತ್ತದೆ, ಏಕೆಂದರೆ ಕಂಬದ ಮೇಲೆ ಕೆಲಸ ಮಾಡುತ್ತಿರುವ ಲೈನ್‌ಮನ್‌ಗೆ ನಿಮ್ಮ ಮಾಡಿನ ವಿದ್ಯುತ್ ತಗುಲಬಾರದೆಂದು ಅದರ ಇನ್ವರ್ಟರನ್ನು ಹಾಗೆಯೇ ರೂಪಿಸಿರುತ್ತಾರೆ. ಇಂಥ ವ್ಯವಸ್ಥೆಗೆ 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ, ಹೀಗೆ ಗರಿಷ್ಠ 78,000 ರೂಪಾಯಿ ಸಹಾಯಧನವಿದೆ. ಅದನ್ನು ಪಡೆಯಬೇಕಾದರೆ ನೋಂದಾಯಿತ ಮಾರಾಟಗಾರರಿಂದಲೇ ಹಾಕಿಸಬೇಕು, ಪ್ಯಾನೆಲ್ ದೇಶದಲ್ಲೇ ತಯಾರಾದ ಸೆಲ್‌ಗಳದ್ದಾಗಿರಬೇಕು, ವಿದ್ಯುತ್ ಕಂಪನಿಯ ಒಪ್ಪಿಗೆ ಮತ್ತು ಮೀಟರು ಬೇಕು. ಸ್ವಂತವಾಗಿ ಕಟ್ಟಿದ ವ್ಯವಸ್ಥೆಗೆ ಈ ಹಣ ಸಿಗುವುದಿಲ್ಲ. ಆದ್ದರಿಂದ ಕರೆಂಟು ಅಪರೂಪಕ್ಕೆ ಹೋಗುವ ಊರಿನಲ್ಲಿದ್ದು ಬಿಲ್ಲು ಮಾತ್ರ ನಿಮ್ಮ ಚಿಂತೆಯಾಗಿದ್ದರೆ, ಕೂಲಿ ಉಳಿಸಲು ಹೋಗಿ ಸಹಾಯಧನ ಕಳೆದುಕೊಳ್ಳುವ ಸ್ವಂತ ಕೆಲಸಕ್ಕೆ ಕೈ ಹಾಕಬೇಡಿ. ಒಪ್ಪಿಗೆಯಿಲ್ಲದೆ ಗ್ರಿಡ್‌ಗೆ ವಿದ್ಯುತ್ ತಳ್ಳುವ ಇನ್ವರ್ಟರನ್ನು ಜೋಡಿಸುವುದಂತೂ ಕಾನೂನಿಗೆ ವಿರುದ್ಧ, ಇನ್ನೊಬ್ಬರ ಪ್ರಾಣಕ್ಕೂ ಅಪಾಯ.

ಕರ್ನಾಟಕದವರು ಇನ್ನೊಂದು ವಿಷಯವನ್ನೂ ನೋಡಬೇಕು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ 200 ಯೂನಿಟ್‌ವರೆಗೆ ಉಚಿತವಾಗಿ ವಿದ್ಯುತ್ ಸಿಗುತ್ತಿದ್ದರೆ, ಸೋಲಾರ್‌ನಿಂದ ಉಳಿಯುವ ಬಿಲ್ಲು ಬಹುಮಟ್ಟಿಗೆ ಸೊನ್ನೆ. ಅಂಥ ಮನೆಯಲ್ಲಿ ಬ್ಯಾಟರಿಯ ಸೋಲಾರ್ ಹಾಕುವುದಕ್ಕೆ ಕರೆಂಟಿಲ್ಲದ ದಿನಗಳೇ ಕಾರಣ. ನಮ್ಮ ಉದಾಹರಣೆಯ ಮನೆಯ ಉದ್ದೇಶವೂ ಅದೇ, ಇನ್ನು ಮುಂದಿನ ಲೆಕ್ಕವೆಲ್ಲ ಅದನ್ನೇ ಹಿಡಿದು ನಡೆಯುತ್ತದೆ.

ಎರಡನೆಯ ಹೆಜ್ಜೆ: ದಿನದ ಬಳಕೆಯನ್ನು ವ್ಯಾಟ್-ಅವರ್‌ನಲ್ಲಿ ಕೂಡಿಸಿ

ಬಿಲ್ಲಿನಲ್ಲಿರುವ ತಿಂಗಳ ಯೂನಿಟ್ಟನ್ನು 30ರಿಂದ ಭಾಗಿಸಿದರೆ ಸಾಕೆಂದು ಕೆಲವರು ಹೇಳುತ್ತಾರೆ. ಅದು ಸಾಲದು. ಸೋಲಾರ್ ಮೇಲೆ ಯಾವುದು ಬರಬೇಕು, ಯಾವುದು ಬರಬಾರದು ಎಂಬ ವಿಂಗಡಣೆ ಬಿಲ್ಲಿನಲ್ಲಿ ಇರುವುದಿಲ್ಲ. ಮನೆಯವರೆಲ್ಲ ಕುಳಿತು ಪ್ರತಿಯೊಂದು ಸಾಧನದ ವ್ಯಾಟ್ ಮತ್ತು ಅದು ದಿನಕ್ಕೆ ಎಷ್ಟು ಗಂಟೆ ಓಡುತ್ತದೆ ಎಂಬುದನ್ನು ಬರೆದು ಗುಣಿಸಬೇಕು.

ನಮ್ಮ ಮನೆಯ ಪಟ್ಟಿ ಹೀಗಿದೆ. 9 ವ್ಯಾಟ್‌ನ ಎಂಟು ಎಲ್‌ಇಡಿ ಬಲ್ಬುಗಳು 5 ಗಂಟೆ ಉರಿದರೆ 360 ವ್ಯಾಟ್-ಅವರ್. 30 ವ್ಯಾಟ್‌ನ, ಬಿಎಲ್‌ಡಿಸಿ ಎಂಬ ಕಡಿಮೆ ವಿದ್ಯುತ್ ಬಳಸುವ ಮೂರು ಫ್ಯಾನುಗಳು 10 ಗಂಟೆ ತಿರುಗಿದರೆ 900. ಹಳೆಯ 75 ವ್ಯಾಟ್‌ನ ಫ್ಯಾನುಗಳೇ ಇದ್ದಿದ್ದರೆ ಈ ಒಂದು ಸಾಲೇ 2,250 ಆಗುತ್ತಿತ್ತು. ಫ್ರಿಜ್‌ಗೆ 600 ಹಿಡಿಯೋಣ. ಅದರ ಬಾಗಿಲಿನ ಸ್ಟಾರ್ ಚೀಟಿಯಲ್ಲಿ ವರ್ಷದ ಯೂನಿಟ್ ಇರುತ್ತದೆ, 365ರಿಂದ ಭಾಗಿಸಿದರೆ ದಿನದ್ದು ಸಿಗುತ್ತದೆ. 50 ವ್ಯಾಟ್‌ನ ಟಿವಿ 4 ಗಂಟೆಗೆ 200, ದಿನವಿಡೀ ಉರಿಯುವ 10 ವ್ಯಾಟ್‌ನ ರೂಟರ್‌ಗೆ 240, 750 ವ್ಯಾಟ್‌ನ ಮಿಕ್ಸಿ 20 ನಿಮಿಷಕ್ಕೆ 250, ಲ್ಯಾಪ್‌ಟಾಪು ಮೊಬೈಲುಗಳಿಗೆ 180. ಒಟ್ಟು 2,730 ವ್ಯಾಟ್-ಅವರ್, ಎಂದರೆ ಸುಮಾರು 2.7 ಯೂನಿಟ್.

ಹೆಚ್ಚಿನ ಲೆಕ್ಕಗಳು ಇಲ್ಲಿಗೆ ನಿಲ್ಲುತ್ತವೆ, ತಪ್ಪೂ ಇಲ್ಲಿಯೇ ಆಗುತ್ತದೆ. ಇನ್ವರ್ಟರ್ ತಾನೇ ಎಚ್ಚರವಾಗಿರಲು ವಿದ್ಯುತ್ ತಿನ್ನುತ್ತದೆ. 3 ಕಿಲೋವ್ಯಾಟ್ ಆಸುಪಾಸಿನ ಯಂತ್ರ ಖಾಲಿ ನಿಂತಾಗಲೂ 40 ವ್ಯಾಟ್ ಎಳೆಯುತ್ತದೆಂದು ಹಿಡಿದರೆ, 24 ಗಂಟೆಗೆ 960 ವ್ಯಾಟ್-ಅವರ್ ಆಗುತ್ತದೆ. ಮನೆಯ ಎಲ್ಲ ಫ್ಯಾನುಗಳಿಗಿಂತ ಅದೇ ಹೆಚ್ಚು. ಅದನ್ನು ಸೇರಿಸಿದಾಗ ದಿನದ ಬೇಡಿಕೆ 3.7 ಯೂನಿಟ್‌ಗೆ ಏರುತ್ತದೆ. ಖಾಲಿ ಓಟದ ಈ ಅಂಕಿ ಯಂತ್ರದ ವಿವರಪತ್ರದಲ್ಲಿ ಇರಬೇಕು. ಇಲ್ಲದಿದ್ದರೆ ಬರಹದಲ್ಲಿ ಕೇಳಿ ಪಡೆಯಿರಿ. ಅಗತ್ಯಕ್ಕಿಂತ ದೊಡ್ಡ ಇನ್ವರ್ಟರ್ ಕೊಂಡರೆ ಅದರ ಬೆಲೆಯ ಜೊತೆಗೆ ಈ ಖಾಲಿ ಖರ್ಚನ್ನೂ ಜೀವನಪೂರ್ತಿ ಹೊರಬೇಕಾಗುತ್ತದೆ.

ನೀರು ಕಾಯಿಸುವ ಗೀಸರ್, ಇಸ್ತ್ರಿ ಪೆಟ್ಟಿಗೆ ಮತ್ತು ತೋಟದ ಪಂಪು ಈ ಪಟ್ಟಿಗೆ ಬರಲೇಬಾರದು. 1 ಅಶ್ವಶಕ್ತಿಯ ಪಂಪು ಓಡುವಾಗ 1,000 ವ್ಯಾಟ್ ಮೀರುತ್ತದೆ, ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಆ ಒಂದು ಕ್ಷಣಕ್ಕಾಗಿ ಇಡೀ ವ್ಯವಸ್ಥೆಯನ್ನು ಹಿಗ್ಗಿಸುವುದು ಹಣದ ಪೋಲು. ತೋಟದ ಪಂಪಿಗೆ ಪಿಎಂ ಕುಸುಮ್ ಎಂಬ ಬೇರೆಯೇ ಯೋಜನೆ ಇದೆ.

ಮೂರನೆಯ ಹೆಜ್ಜೆ: ಬಿಸಿಲು ಮತ್ತು ಪ್ಯಾನೆಲ್

ನಿಮ್ಮ ಊರಿನ ಬಿಸಿಲಿನ ತಿಂಗಳವಾರು ಅಂಕಿಗಳನ್ನು ಗ್ಲೋಬಲ್ ಸೋಲಾರ್ ಅಟ್ಲಾಸ್ ಅಥವಾ ಪಿವಿಜಿಐಎಸ್ ತಾಣಗಳಲ್ಲಿ ನಕಾಶೆಯ ಮೇಲೆ ಮನೆಯನ್ನು ಗುರುತಿಸಿ ಉಚಿತವಾಗಿ ಪಡೆಯಬಹುದು. ಇಡೀ ವರ್ಷದ ಸರಾಸರಿಯನ್ನು ನಂಬಿ ನಿಲ್ಲಬೇಡಿ. ಘಟ್ಟದ ಮೇಲಿನ ಊರುಗಳಲ್ಲಿ ಸರಾಸರಿ ದಿನಕ್ಕೆ 5 ಗಂಟೆಯ ಪೂರ್ಣ ಬಿಸಿಲು (ದಿನದ ಒಟ್ಟು ಬಿಸಿಲನ್ನು ನಡುಹಗಲಿನ ಬಿಸಿಲಿನ ಗಂಟೆಗಳಿಗೆ ಇಳಿಸಿದ್ದು) ಎಂದು ಹಿಡಿದರೂ ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳ ಕಾಲಕ್ಕೆ 3 ಗಂಟೆಗಿಂತ ಹೆಚ್ಚು ಹಿಡಿಯುವುದು ಸುರಕ್ಷಿತವಲ್ಲ. ಕರೆಂಟು ಹೆಚ್ಚು ಹೋಗುವುದೂ ಆಗಲೇ.

ಪ್ಯಾನೆಲ್ ಮೇಲೆ ಬರೆದ ವ್ಯಾಟ್ ಪೂರ್ತಿಯಾಗಿ ಮನೆಗೆ ತಲುಪುವುದಿಲ್ಲ. ಬಿಸಿಯಾದಾಗ ಹತ್ತರಲ್ಲಿ ಒಂದು ಭಾಗದಷ್ಟು ಹೋಗುತ್ತದೆ. ಧೂಳು, ಪಾಚಿ, ತಂತಿ, ಚಾರ್ಜ್ ನಿಯಂತ್ರಕ, ಬ್ಯಾಟರಿ, ಇನ್ವರ್ಟರ್ ಒಂದೊಂದೂ ಸ್ವಲ್ಪ ಸ್ವಲ್ಪ ಕಳೆಯುತ್ತವೆ. ಎಲ್ಲ ಸೇರಿ ನೂರಕ್ಕೆ 70 ಉಳಿಯುತ್ತದೆಂದು ಲೆಕ್ಕ ಹಾಕುವುದು ಬ್ಯಾಟರಿಯ ವ್ಯವಸ್ಥೆಗೆ ಸರಿಯಾದ ಎಚ್ಚರಿಕೆ. ಹಾಗಾದರೆ 1 ಕಿಲೋವ್ಯಾಟ್ ಪ್ಯಾನೆಲ್ ಸರಾಸರಿ ದಿನ 3.5 ಯೂನಿಟ್, ಜುಲೈನಲ್ಲಿ 2.1 ಯೂನಿಟ್ ಕೊಡುತ್ತದೆ.

540 ವ್ಯಾಟ್‌ನ ಎರಡು ಪ್ಯಾನೆಲ್, ಎಂದರೆ 1.08 ಕಿಲೋವ್ಯಾಟ್, ಸರಾಸರಿ ದಿನಕ್ಕೆ 3.8 ಯೂನಿಟ್ ಕೊಟ್ಟು ನಮ್ಮ 3.7ರ ಬೇಡಿಕೆಯನ್ನು ಕಾಗದದ ಮೇಲೆ ತೀರಿಸುತ್ತದೆ. ಜುಲೈನಲ್ಲಿ ಅದೇ ಜೋಡಿ ಕೊಡುವುದು 2.3 ಯೂನಿಟ್ ಮಾತ್ರ. ಮೂರು ಪ್ಯಾನೆಲ್ ಹಾಕಿದರೆ ಜುಲೈನಲ್ಲಿ 3.4 ಯೂನಿಟ್ ಬರುತ್ತದೆ. ಇದೂ 3.7ಕ್ಕೆ ಸಾಲದೆಂದು ನಾಲ್ಕನೆಯದಕ್ಕೆ ಹೋಗುವ ಮೊದಲು ಬೇಡಿಕೆಯನ್ನೂ ತಿಂಗಳಿಗೆ ತಕ್ಕಂತೆ ತಿದ್ದಿಕೊಳ್ಳಬೇಕು: ಮಲೆನಾಡಿನ ಮಳೆಗಾಲದಲ್ಲಿ ಯಾರೂ ಫ್ಯಾನು ಹಾಕುವುದಿಲ್ಲ. ಆ 900 ವ್ಯಾಟ್-ಅವರ್ ತೆಗೆದರೆ ಜುಲೈನ ಬೇಡಿಕೆ 2.8ಕ್ಕೆ ಇಳಿಯುತ್ತದೆ, ಮೂರು ಪ್ಯಾನೆಲ್ ಸಾಕಾಗುತ್ತದೆ. ವ್ಯಾಟಿಗೆ 25 ರೂಪಾಯಿಯಂತೆ 1,620 ವ್ಯಾಟ್‌ಗೆ 40,500 ರೂಪಾಯಿ. 2025ರ ಸೆಪ್ಟೆಂಬರ್ 22ರಿಂದ ಪ್ಯಾನೆಲ್ ಮೇಲಿನ ಜಿಎಸ್‌ಟಿ ನೂರಕ್ಕೆ 12ರಿಂದ 5ಕ್ಕೆ ಇಳಿದಿದೆ. ಹಳೆಯ ದರಪಟ್ಟಿ ಇಟ್ಟುಕೊಂಡವರು ಇದನ್ನು ತಿದ್ದಿಸಿಕೊಳ್ಳಬೇಕು.

ನೆರಳಿನ ಪರೀಕ್ಷೆ ಬಿಟ್ಟಿಯ ಕೆಲಸ, ಆದರೆ ಸಾವಿರಾರು ರೂಪಾಯಿ ಉಳಿಸುತ್ತದೆ. ಶಿರಸಿಯ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ಇಳಿದಿರುತ್ತಾನೆ. ಡಿಸೆಂಬರಿನ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಅಡಿಕೆ, ತೆಂಗಿನ ನೆರಳು ಎಲ್ಲಿ ಹರಿದಾಡುತ್ತದೆ ಎಂಬುದನ್ನು ಒಮ್ಮೆ ಗುರುತಿಸಿಕೊಳ್ಳಿ. ಪ್ಯಾನೆಲ್‌ನ ಒಂದು ಮೂಲೆಗೆ ಬಿದ್ದ ನೆರಳು ಆ ಮೂಲೆಯನ್ನಷ್ಟೇ ಅಲ್ಲ, ಸರಣಿಯಲ್ಲಿ, ಎಂದರೆ ಒಂದರ ಹಿಂದೊಂದಾಗಿ, ಜೋಡಿಸಿದ ಸೆಲ್‌ಗಳ ಒಂದು ಇಡೀ ಗುಂಪನ್ನೇ ಸುಮ್ಮನಾಗಿಸುತ್ತದೆ.

ನಾಲ್ಕನೆಯ ಹೆಜ್ಜೆ: ಇನ್ವರ್ಟರ್ ಮತ್ತು ಪ್ಯಾನೆಲ್‌ಗಳ ಹೊಂದಾಣಿಕೆ

ಮನೆಯಲ್ಲಿ ಒಂದೇ ಹೊತ್ತಿಗೆ ಓಡಬಹುದಾದ ಸಾಧನಗಳನ್ನು ಕೂಡಿಸಿದರೆ ಮಿಕ್ಸಿ, ಫ್ರಿಜ್, ದೀಪ, ಫ್ಯಾನು ಸೇರಿ 1,200 ವ್ಯಾಟ್ ಆಸುಪಾಸಿಗೆ ಬರುತ್ತದೆ. ಫ್ರಿಜ್ ಶುರುವಾಗುವಾಗಿನ ಎಳೆತಕ್ಕೂ ಮುಂದೆ ಸೇರಬಹುದಾದ ಗ್ರೈಂಡರ್‌ಗೂ ಜಾಗ ಬಿಟ್ಟು, ಪ್ಯಾನೆಲ್‌ನಿಂದ ಆದಷ್ಟು ಹೆಚ್ಚು ವಿದ್ಯುತ್ ಎಳೆದು ಬ್ಯಾಟರಿಗೆ ಕೊಡುವ ಎಂಪಿಪಿಟಿ ನಿಯಂತ್ರಕ ಒಳಗೇ ಇರುವ 48 ವೋಲ್ಟಿನ 3 ಕಿಲೋವ್ಯಾಟ್ ಶುದ್ಧ ಸೈನ್‌ವೇವ್ (ಲೈನಿನ ವಿದ್ಯುತ್ತಿನಂತೆಯೇ ನಯವಾದ ಅಲೆ ಕೊಡುವ) ಇನ್ವರ್ಟರ್‌ಗೆ 45,000 ರೂಪಾಯಿ ಹಿಡಿಯುತ್ತೇನೆ.

ಯಂತ್ರವನ್ನು ಆರಿಸುವಾಗ ನೋಡಬೇಕಾದದ್ದು ಕಿಲೋವ್ಯಾಟ್ ಒಂದನ್ನೇ ಅಲ್ಲ. 540 ವ್ಯಾಟ್‌ನ ಪ್ಯಾನೆಲ್‌ನ ತೆರೆದ ವೋಲ್ಟೇಜ್ (ಅದಕ್ಕೆ ಏನನ್ನೂ ಜೋಡಿಸದಿದ್ದಾಗಿನದು) 49.5ರ ಆಸುಪಾಸಿನಲ್ಲಿರುತ್ತದೆ, ಮೂರನ್ನು ಸರಣಿಯಲ್ಲಿ ಜೋಡಿಸಿದರೆ 148.5 ವೋಲ್ಟ್. ಚಳಿಗೆ ಇದು ಇನ್ನೂ ಏರುತ್ತದೆ: ಜನವರಿಯ ಮುಂಜಾನೆ 15 ಡಿಗ್ರಿಯಲ್ಲಿ ಸುಮಾರು 152 ವೋಲ್ಟ್ ಮುಟ್ಟುತ್ತದೆ. ಹಳೆಯ ಮಾದರಿಯ ಕೆಲವು ಇನ್ವರ್ಟರ್‌ಗಳ ಸೋಲಾರ್ ಕಡೆಯ ಗರಿಷ್ಠ ಮಿತಿ 145 ವೋಲ್ಟ್. ಅಂಥದ್ದಕ್ಕೆ ಈ ಮೂರನ್ನು ಸರಣಿಯಲ್ಲಿ ಕೊಟ್ಟರೆ ಒಂದೇ ಬೆಳಗಿನಲ್ಲಿ ಯಂತ್ರ ಸುಡಬಹುದು, ವಾರಂಟಿಯೂ ಸಿಗುವುದಿಲ್ಲ. ಇನ್ನೊಂದು ತುದಿಯ ಅಪಾಯವೂ ಇದೆ. 450 ಅಥವಾ 500 ವೋಲ್ಟ್ ತಡೆಯುವ ಹೊಸ ಯಂತ್ರಗಳಲ್ಲಿ ಕೆಲವು ಕೆಲಸ ಆರಂಭಿಸಲು ಕನಿಷ್ಠ 120 ವೋಲ್ಟ್ ಬೇಡುತ್ತವೆ. ಮೂರು ಪ್ಯಾನೆಲ್‌ಗಳು ಕೆಲಸದ ಹೊತ್ತಿನಲ್ಲಿ 124 ವೋಲ್ಟ್ ಕೊಟ್ಟರೂ ಏಪ್ರಿಲ್‌ನ ಬಿಸಿಲಿನಲ್ಲಿ ಸೆಲ್‌ಗಳು 60 ಡಿಗ್ರಿ ಮುಟ್ಟಿದಾಗ ಅದು 109ಕ್ಕೆ ಇಳಿಯುತ್ತದೆ. ಒಳ್ಳೆಯ ಬಿಸಿಲಿದ್ದರೂ ಚಾರ್ಜ್ ಆಗದೆ ನಿಲ್ಲುವ ಪರಿಸ್ಥಿತಿ ಬರುತ್ತದೆ. ಕನಿಷ್ಠ ಮಿತಿ 60ರಿಂದ 90 ವೋಲ್ಟಿನೊಳಗೆ, ಗರಿಷ್ಠ ಮಿತಿ 152ಕ್ಕಿಂತ ಸಾಕಷ್ಟು ಮೇಲೆ ಇರುವ ಯಂತ್ರವೇ ಈ ಮೂರು ಪ್ಯಾನೆಲ್‌ಗಳಿಗೆ ಸರಿ. ಹಣ ಕೊಡುವ ಮುನ್ನ ಪ್ಯಾನೆಲ್ ಮತ್ತು ಇನ್ವರ್ಟರ್ ಎರಡರ ವಿವರಪತ್ರಗಳನ್ನೂ ಪಕ್ಕದಲ್ಲಿಟ್ಟುಕೊಂಡು ಈ ಎರಡು ಗುಣಾಕಾರಗಳನ್ನು ಮಾಡಲೇಬೇಕು.

ಐದನೆಯ ಹೆಜ್ಜೆ: ಬ್ಯಾಟರಿ

ದಿನದ 3.7 ಯೂನಿಟ್‌ನಲ್ಲಿ ಸೂರ್ಯನಿಲ್ಲದ ಹೊತ್ತಿಗೆ ಬೇಕಾಗುವುದು ಎಷ್ಟು ಎಂಬುದನ್ನು ಬೇರ್ಪಡಿಸಿ. ದೀಪ ಮತ್ತು ಟಿವಿ ಪೂರ್ತಿ, ಫ್ಯಾನಿನ ಬಹುಭಾಗ, ಫ್ರಿಜ್ ಮತ್ತು ರೂಟರ್‌ನ ಅರ್ಧ, ಇನ್ವರ್ಟರ್‌ನ ಖಾಲಿ ಓಟದ ಅರ್ಧ ಸೇರಿ 2.2 ಯೂನಿಟ್ ಆಗುತ್ತದೆ.

ಟ್ಯೂಬುಲರ್ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುವ ಅಭ್ಯಾಸವಾದರೆ ಅದರ ಆಯುಷ್ಯ ಬೇಗ ಕುಸಿಯುತ್ತದೆ. 12 ವೋಲ್ಟಿನ 150 ಆಂಪಿಯರ್-ಅವರ್‌ನ ನಾಲ್ಕನ್ನು ಸರಣಿಯಲ್ಲಿ ಇಟ್ಟರೆ 7.2 ಯೂನಿಟ್ ಬರೆದಿರುತ್ತದೆ, ಬಳಸಲು ಸಿಗುವುದು 3.6. ಲಿಥಿಯಂ ಐರನ್ ಫಾಸ್ಫೇಟ್‌ನಲ್ಲಿ 51.2 ವೋಲ್ಟಿನ 100 ಆಂಪಿಯರ್-ಅವರ್‌ನ ಒಂದೇ ಪೆಟ್ಟಿಗೆಯಲ್ಲಿ 5.12 ಯೂನಿಟ್ ಇದ್ದು, ನೂರಕ್ಕೆ 80ರಷ್ಟು ಬಳಸಿದರೂ 4.1 ಸಿಗುತ್ತದೆ. ಎರಡೂ ನಮ್ಮ ರಾತ್ರಿಯನ್ನು ದಾಟಿಸಿ, ಮೋಡದ ಮರುದಿನಕ್ಕೂ ಸ್ವಲ್ಪ ಉಳಿಸುತ್ತವೆ.

ನಾಲ್ಕು ಟ್ಯೂಬುಲರ್‌ಗೆ ತಲಾ 16,000ದಂತೆ 64,000 ರೂಪಾಯಿ, ಲಿಥಿಯಂಗೆ 90,000 ರೂಪಾಯಿ ಎಂದು ಹಿಡಿದರೆ ಮೊದಲನೆಯದು ಅಗ್ಗವೆಂದು ಕಾಣುತ್ತದೆ. ಆದರೆ ದಿನಕ್ಕೆ 2.2 ಯೂನಿಟ್‌ನಂತೆ ಟ್ಯೂಬುಲರ್ 5 ವರ್ಷದಲ್ಲಿ ದಾಟಿಸುವುದು ಸುಮಾರು 4,000 ಯೂನಿಟ್. ಯೂನಿಟ್‌ಗೆ 16 ರೂಪಾಯಿ ಬೀಳುತ್ತದೆ. ಲಿಥಿಯಂ 10 ವರ್ಷ ಬಾಳಿದರೆ 8,000 ಯೂನಿಟ್‌ಗೆ, ತಲಾ 11 ರೂಪಾಯಿಯ ಆಸುಪಾಸು. ಕೈಯಲ್ಲಿ ಹಣವಿದ್ದರೆ ನಾನು ಲಿಥಿಯಂ ಆರಿಸುತ್ತೇನೆ. ಆದರೂ ಹತ್ತಿರದ ಪೇಟೆಯಲ್ಲಿ ಅದನ್ನು ರಿಪೇರಿ ಮಾಡುವವರಿಲ್ಲದ ಹಳ್ಳಿಯಲ್ಲಿ ಟ್ಯೂಬುಲರ್‌ಗೆ ಒಂದು ಬಲವಾದ ಕಾರಣವಿದೆ: ಅದು ಕೆಟ್ಟರೆ ನಾಲ್ಕರಲ್ಲಿ ಯಾವುದು ಕೆಟ್ಟಿತೆಂದು ಯಾವ ಬ್ಯಾಟರಿ ಅಂಗಡಿಯವರೂ ಹೇಳಬಲ್ಲರು, ಹಳೆಯ ಸೀಸಕ್ಕೆ ಬೆಲೆಯೂ ಸಿಗುತ್ತದೆ.

ಟ್ಯೂಬುಲರ್ ಕೊಳ್ಳುವವರು ಬ್ಯಾಟರಿಯ ಮೇಲೆ ಸಿ10 ಎಂದಿದೆಯೋ ಸಿ20 ಎಂದಿದೆಯೋ ನೋಡಬೇಕು. ಇದು ಬ್ಯಾಟರಿಯನ್ನು ಎಷ್ಟು ಗಂಟೆಗಳಲ್ಲಿ ಖಾಲಿ ಮಾಡಿ ಅಳೆದರು ಎಂಬುದರ ಗುರುತು. ನಿಧಾನವಾಗಿ ಖಾಲಿ ಮಾಡಿದಾಗ ಅಂಕಿ ದೊಡ್ಡದಾಗಿ ಕಾಣುತ್ತದೆ, ಆದ್ದರಿಂದ ಸಿ20ರ 150 ಎಂಬುದು ಸಿ10ರ 150ಕ್ಕಿಂತ ಚಿಕ್ಕ ಬ್ಯಾಟರಿ. ಸೋಲಾರ್‌ಗೆಂದು ಮಾರುವವು ಸಿ10, ಸಾಮಾನ್ಯ ಇನ್ವರ್ಟರ್‌ಗೆಂದು ಮಾರುವವು ಸಿ20. ಲಿಥಿಯಂ ಕೊಳ್ಳುವವರು ಬ್ಯಾಟರಿಯೂ ಇನ್ವರ್ಟರ್ರೂ ಪರಸ್ಪರ ಸಂವಹನ ನಡೆಸಬಲ್ಲವೇ ಎಂದು ಬರಹದಲ್ಲಿ ಖಚಿತಪಡಿಸಿಕೊಳ್ಳಬೇಕು. ಟ್ಯೂಬುಲರ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಮಲಗುವ ಕೋಣೆಯಲ್ಲಿ, ದೇವರ ದೀಪದ ಹತ್ತಿರ ಅದನ್ನು ಇಡಬಾರದು. ಗಾಳಿಯಾಡುವ ಜಾಗವಿಲ್ಲದಿದ್ದರೆ ಅದಕ್ಕೊಂದು ಸಣ್ಣ ಕಟ್ಟೆ, ಜಾಲರಿ ಮಾಡಿಸುವ ಖರ್ಚನ್ನೂ ಪಟ್ಟಿಗೆ ಸೇರಿಸಿ.

ಆರನೆಯ ಹೆಜ್ಜೆ: ತಂತಿ, ರಕ್ಷಣೆ, ಭೂಸಂಪರ್ಕ

ಸ್ವಂತವಾಗಿ ಕಟ್ಟುವವರ ಅಂದಾಜು ಹೆಚ್ಚಾಗಿ ಹಳಿ ತಪ್ಪುವುದು ಇಲ್ಲಿ. ಒಂದೊಂದಾಗಿ ನೋಡಿದರೆ ಎಲ್ಲವೂ ಸಣ್ಣ ಮೊತ್ತ, ಆದ್ದರಿಂದ ಯಾರೂ ಬರೆದುಕೊಳ್ಳುವುದಿಲ್ಲ. ಒಟ್ಟು ಕೂಡಿಸಿದಾಗ ಎರಡು ಪ್ಯಾನೆಲ್‌ಗಳ ಬೆಲೆಯನ್ನು ಮೀರುತ್ತದೆ.

ತಂತಿಯ ದಪ್ಪ ಮತ್ತು ಪ್ಯಾನೆಲ್‌ಗಳ ಜೋಡಣೆಯನ್ನು ಒಟ್ಟಿಗೆ ನಿರ್ಧರಿಸಬೇಕು. ಮಾಡಿನಿಂದ ಇನ್ವರ್ಟರ್‌ಗೆ 20 ಮೀಟರ್ ದೂರವಿದ್ದರೆ ಹೋಗಿ ಬರುವ ತಂತಿ 40 ಮೀಟರ್. 4 ಚದರ ಮಿಲಿಮೀಟರ್‌ನ ಸೋಲಾರ್ ತಂತಿಗೆ ಕಿಲೋಮೀಟರಿಗೆ ಸುಮಾರು 5 ಓಮ್ ಪ್ರತಿರೋಧವಿರುವುದರಿಂದ 40 ಮೀಟರಿಗೆ 0.2 ಓಮ್. ಮೂರು ಪ್ಯಾನೆಲ್ ಸರಣಿಯಲ್ಲಿದ್ದರೆ 13 ಆಂಪಿಯರ್ ಹರಿದು 2.6 ವೋಲ್ಟ್ ನಷ್ಟವಾಗುತ್ತದೆ; 124ರಲ್ಲಿ ಅದು ನೂರಕ್ಕೆ ಎರಡು. ಅದೇ ಮೂರನ್ನು ಸಮಾಂತರವಾಗಿ (ಎಲ್ಲ ಧನ ತುದಿಗಳನ್ನು ಒಟ್ಟಿಗೆ, ಎಲ್ಲ ಋಣ ತುದಿಗಳನ್ನು ಒಟ್ಟಿಗೆ) ಜೋಡಿಸಿ ಅದೇ ತಂತಿಯಲ್ಲಿ ತಂದರೆ 39 ಆಂಪಿಯರ್ ಹರಿದು 7.8 ವೋಲ್ಟ್ ಹೋಗುತ್ತದೆ, ಪ್ಯಾನೆಲ್‌ನ 41.5 ವೋಲ್ಟಿನಲ್ಲಿ ಅದು ಹೆಚ್ಚು ಕಡಿಮೆ ಐದನೆಯ ಒಂದು ಪಾಲು, ತಂತಿಯೂ ಅಪಾಯಕಾರಿಯಾಗಿ ಬಿಸಿಯಾಗುತ್ತದೆ. ಸರಣಿಯಲ್ಲಿ ಜೋಡಿಸಿದಾಗ 45 ಮೀಟರ್ ತಂತಿಗೆ ಮೀಟರಿಗೆ 60ರಂತೆ 2,700 ರೂಪಾಯಿಯಲ್ಲಿ ಮುಗಿಯುತ್ತದೆ.

ಬ್ಯಾಟರಿಯ ಕಡೆ ವೋಲ್ಟೇಜ್ ಕಡಿಮೆ, ಪ್ರವಾಹ ಹೆಚ್ಚು. 3 ಕಿಲೋವ್ಯಾಟ್ ಯಂತ್ರ 48 ವೋಲ್ಟಿನಲ್ಲಿ ಪೂರ್ತಿ ಓಡಿದರೆ 65ರಿಂದ 70 ಆಂಪಿಯರ್ ಎಳೆಯುತ್ತದೆ. 25 ಚದರ ಮಿಲಿಮೀಟರ್‌ನ ತಾಮ್ರದ ತಂತಿ, ಒಳ್ಳೆಯ ಲಗ್ಗುಗಳು (ತಂತಿಯ ತುದಿಗೆ ಒತ್ತಿ ಕೂರಿಸುವ ಲೋಹದ ಕಿವಿಗಳು), ಬ್ಯಾಟರಿಯ ಪಕ್ಕದಲ್ಲೇ ಒಂದು ಫ್ಯೂಸ್ ಬೇಕು. ಇದಕ್ಕೆ 3,000 ರೂಪಾಯಿ. ನಾನು ಮೊದಲ ಸಲ ಕಟ್ಟಿದ್ದು 12 ವೋಲ್ಟಿನ ಸಣ್ಣ ವ್ಯವಸ್ಥೆ. ಲಗ್ಗನ್ನು ಒತ್ತುವ ಸರಿಯಾದ ಉಪಕರಣವಿಲ್ಲದೆ ಇಕ್ಕಳದಲ್ಲಿ ಅದುಮಿ ಬಿಟ್ಟಿದ್ದೆ. ಒಂದು ಸಂಜೆ ಮಿಕ್ಸಿ ಓಡುತ್ತಿದ್ದಾಗ ವಾಸನೆ ಬಂದು ನೋಡಿದರೆ ಆ ಜೋಡಣೆಯ ಪ್ಲಾಸ್ಟಿಕ್ ಕವಚ ಕರಗಿತ್ತು. ಅಂದಿನಿಂದ ಲಗ್ ಒತ್ತುವ ಉಪಕರಣವನ್ನು ನಾನು ಪಟ್ಟಿಯ ಮೇಲ್ಭಾಗದಲ್ಲೇ ಬರೆಯುತ್ತೇನೆ.

ಪ್ಯಾನೆಲ್ ಮತ್ತು ಇನ್ವರ್ಟರ್ ನಡುವೆ ಡಿಸಿ ಎಂಸಿಬಿ (ಒಂದೇ ದಿಕ್ಕಿನ ಪ್ರವಾಹಕ್ಕೆಂದು ಮಾಡಿದ, ಪ್ರವಾಹ ಮಿತಿ ಮೀರಿದರೆ ತಾನೇ ಕಡಿಯುವ ಸ್ವಿಚ್ಚು) ಮತ್ತು ಮಿಂಚಿನ ಏರಿಳಿತ ತಡೆಯುವ ಎಸ್‌ಪಿಡಿ ಇರುವ ಪೆಟ್ಟಿಗೆಗೆ 5,000. ಮನೆಯ ಲೈನಿನ ಎಸಿ (ದಿಕ್ಕು ಬದಲಾಗುವ) ಪ್ರವಾಹಕ್ಕೆ ಹಾಕುವ ಮಾಮೂಲಿ ಎಂಸಿಬಿಯನ್ನು ಇಲ್ಲಿ ಹಾಕಬೇಡಿ. ಎಸಿ ಪ್ರವಾಹ ಸೆಕೆಂಡಿಗೆ ನೂರು ಬಾರಿ ಸೊನ್ನೆ ಮುಟ್ಟುವುದರಿಂದ ಕಿಡಿ ತಾನೇ ಆರುತ್ತದೆ. ಡಿಸಿಯಲ್ಲಿ ಕಿಡಿ ಆರದೆ ಉರಿಯುತ್ತಲೇ ಇರುತ್ತದೆ, ಪೆಟ್ಟಿಗೆಗೆ ಬೆಂಕಿ ಹೊತ್ತಿಸಬಲ್ಲದು. ಮನೆಯ ಕಡೆಯ ಎಂಸಿಬಿ ಮತ್ತು ಲೈನಿನಿಂದ ಸೋಲಾರ್‌ಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ಚಿಗೆ 4,000. ಪ್ಯಾನೆಲ್ ಚೌಕಟ್ಟಿಗೆ, ಇನ್ವರ್ಟರ್‌ಗೆ ಮತ್ತು ಮಿಂಚು ಕಂಬಿಗೆ ಭೂಸಂಪರ್ಕದ ಗುಂಡಿ, ತಾಮ್ರಲೇಪಿತ ಸರಳು, ಪಟ್ಟಿ ಎಲ್ಲ ಸೇರಿ 12,000. ಏಪ್ರಿಲ್, ಮೇ ತಿಂಗಳ ಗುಡುಗು ಮಿಂಚನ್ನು ಕಂಡವರಿಗೆ ಈ ಮೊತ್ತವನ್ನು ಕತ್ತರಿಸಬೇಡಿ ಎಂದು ಹೇಳಬೇಕಿಲ್ಲ, ಆದರೂ ಮೊದಲು ಕತ್ತರಿ ಬೀಳುವುದು ಇದರ ಮೇಲೆಯೇ ಎಂಬುದನ್ನು ನೋಡಿದ್ದೇನೆ. ಪೈಪು, ಕ್ಲ್ಯಾಂಪು, ಪ್ಯಾನೆಲ್ ತಂತಿಗಳನ್ನು ಸೇರಿಸುವ ಎಂಸಿ4 ಕನೆಕ್ಟರುಗಳಿಗೆ 3,000.

ಏಳನೆಯ ಹೆಜ್ಜೆ: ಚೌಕಟ್ಟು

ಹೆಂಚಿನ ಮಾಡಿನ ಮೇಲೆ ಪ್ಯಾನೆಲ್ ಕೂರಿಸುವಾಗ ಭಾರಕ್ಕಿಂತ ಗಾಳಿಯನ್ನು ಹೆಚ್ಚು ಗಮನಿಸಬೇಕು. ಮೂರು ಪ್ಯಾನೆಲ್‌ಗಳ ತೂಕ 85 ಕಿಲೋ ಆಸುಪಾಸು, ಒಳ್ಳೆಯ ಮಾಡು ಅದನ್ನು ತಡೆಯುತ್ತದೆ. ಆದರೆ ಒಂದೊಂದೂ ಎರಡೂವರೆ ಚದರ ಮೀಟರಿನ ಹಲಗೆಯಾದ್ದರಿಂದ ಗಾಳಿ ಕೆಳಗಿನಿಂದ ಎತ್ತುವ ಬಲ ದೊಡ್ಡದು. ಕೊಕ್ಕೆಗಳನ್ನು ಮಾಡಿನ ದಪ್ಪ ಮರವಾದ ಪಕಾಸಿಗೇ ಬಿಗಿಯಬೇಕು, ಹೆಂಚು ಕೂರುವ ತೆಳು ಪಟ್ಟಿಯಾದ ರೀಪಿಗಲ್ಲ. ಗ್ಯಾಲ್ವನೈಸ್ ಮಾಡಿದ ಚೌಕಟ್ಟು, ಕೊಕ್ಕೆ, ಬೋಲ್ಟುಗಳಿಗೆ 15,000 ಹಿಡಿದಿದ್ದೇನೆ. ಹತ್ತಿಳಿಯುವಾಗ ಒಡೆಯುವ ಹೆಂಚುಗಳಿಗಾಗಿ ಅದೇ ಅಚ್ಚಿನ ಹತ್ತು ಹೆಂಚು ಮೊದಲೇ ತಂದಿಡಿ. ಪಕಾಸಿ ಹಳೆಯದಾಗಿದ್ದರೆ ಅಥವಾ ಮಂಗಗಳ ಕಾಟ ಹೆಚ್ಚಿದ್ದರೆ ಕೊಟ್ಟಿಗೆಯ ಶೀಟಿನ ಮೇಲೆ, ಇಲ್ಲವೇ ಅಂಗಳದ ಅಂಚಿನಲ್ಲಿ ಕಂಬ ನೆಟ್ಟು ಹಾಕುವುದು ಲೇಸು. ಆಗ ಕಾಂಕ್ರೀಟಿನ ಖರ್ಚು ಸೇರುತ್ತದೆ, ಆದರೆ ಪಾಚಿ ತೊಳೆಯಲು ಮಾಡು ಹತ್ತುವುದು ತಪ್ಪುತ್ತದೆ. ದಕ್ಷಿಣಕ್ಕೆ 15 ಡಿಗ್ರಿ ಓರೆ ಸಾಕು.

ಎಂಟನೆಯ ಹೆಜ್ಜೆ: ಯಾವುದು ನಿಮ್ಮ ಕೆಲಸ, ಯಾವುದು ಅಲ್ಲ

ಲೆಕ್ಕ, ಖರೀದಿ, ಚೌಕಟ್ಟು, ಪ್ಯಾನೆಲ್ ಕೂರಿಸುವುದು, ಪೈಪು ಎಳೆಯುವುದು, ಗುಂಡಿ ತೋಡುವುದು ಮನೆಯವರಿಂದ ಆಗುವ ಕೆಲಸ. ಮನೆಯ ವಿತರಣಾ ಪೆಟ್ಟಿಗೆಯನ್ನು ಬದಲಿಸುವುದು, ಚೇಂಜ್‌ಓವರ್ ಜೋಡಿಸುವುದು ಮತ್ತು ಭೂಸಂಪರ್ಕವನ್ನು ಅಳೆಯುವುದು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ರ ಕೆಲಸ. ಅವರಿಗೆ 6,000 ರೂಪಾಯಿ ಎತ್ತಿಡಿ. ಬೆಳಕಿರುವಷ್ಟು ಹೊತ್ತೂ ಪ್ಯಾನೆಲ್‌ನಲ್ಲಿ ವಿದ್ಯುತ್ ಇದ್ದೇ ಇರುತ್ತದೆ, ಅದನ್ನು ಆರಿಸುವ ಗುಂಡಿಯಿಲ್ಲ, ಸರಣಿಯ 150 ವೋಲ್ಟ್ ಡಿಸಿ ಪ್ರಾಣ ತೆಗೆಯಬಲ್ಲದು. ಕೊನೆಯ ಕನೆಕ್ಟರನ್ನು ಎಲ್ಲ ಕೆಲಸ ಮುಗಿದ ಮೇಲೆಯೇ ಸೇರಿಸಬೇಕು, ಒಬ್ಬರೇ ಇರುವಾಗ ಸೇರಿಸಬಾರದು.

ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರು, ಲಗ್ ಮತ್ತು ಎಂಸಿ4 ಒತ್ತುವ ಉಪಕರಣಗಳಿಗೆ 5,000, ಸಾಗಣೆಗೆ 5,000. ಪ್ಯಾನೆಲ್‌ಗಳನ್ನು ಪಿಕಪ್‌ನಲ್ಲಿ ಮಲಗಿಸಿ ತಂದರೆ ಘಟ್ಟದ ರಸ್ತೆಯ ಕುಲುಕಾಟಕ್ಕೆ ಒಳಗಿನ ಸೆಲ್‌ಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳಬಹುದು. ನಿಲ್ಲಿಸಿ, ಬಿಗಿದು ತರಬೇಕು.

ಒಂಬತ್ತನೆಯ ಹೆಜ್ಜೆ: ಕೂಡಿಸುವುದು

ಬ್ಯಾಟರಿ ಬಿಟ್ಟು ಮೇಲಿನ ಎಲ್ಲವನ್ನೂ ಕೂಡಿಸಿದರೆ 1,46,200 ರೂಪಾಯಿ. ಟ್ಯೂಬುಲರ್ ಸೇರಿದರೆ 2,10,200, ಲಿಥಿಯಂ ಸೇರಿದರೆ 2,36,200. ಇದಕ್ಕೆ ನೂರಕ್ಕೆ ಹತ್ತರಷ್ಟು ಅನಿರೀಕ್ಷಿತ ಖರ್ಚು ಸೇರಿಸಲೇಬೇಕು. ಆಗ ಕ್ರಮವಾಗಿ 2,31,000 ಮತ್ತು 2,60,000ದ ಆಸುಪಾಸು.

ಈಗ ಇದು ಎಷ್ಟು ವರ್ಷದಲ್ಲಿ ಹಿಂದಿರುಗುತ್ತದೆ ಎಂಬ ಪ್ರಶ್ನೆಗೆ ನೇರವಾದ ಉತ್ತರ ಕೊಡಬೇಕು. ಮನೆ ನಿಜವಾಗಿ ಬಳಸುವುದು ದಿನಕ್ಕೆ 2.73 ಯೂನಿಟ್, ವರ್ಷಕ್ಕೆ ಸುಮಾರು 1,000. ಯೂನಿಟ್‌ಗೆ 7 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ ಉಳಿಯುವುದು 7,000 ರೂಪಾಯಿ. 2,60,000 ಹಿಂದಿರುಗಲು 37 ವರ್ಷ ಬೇಕು, ಅಷ್ಟರೊಳಗೆ ಬ್ಯಾಟರಿ ಮೂರು ಬಾರಿ ಬದಲಾಗಿರುತ್ತದೆ. 20 ವರ್ಷಗಳಲ್ಲಿ ಒಮ್ಮೆ ಇನ್ವರ್ಟರ್, ಒಮ್ಮೆ ಲಿಥಿಯಂ ಬದಲಿಸುವ 1,35,000 ರೂಪಾಯಿ ಸೇರಿಸಿ ಭಾಗಿಸಿದರೆ ಯೂನಿಟ್‌ಗೆ ಸುಮಾರು 20 ರೂಪಾಯಿ ಬೀಳುತ್ತದೆ. ಇದನ್ನು ಲೈನಿನ ವಿದ್ಯುತ್ತಿನ ದರಕ್ಕೆ ಹೋಲಿಸಿದರೆ ದುಬಾರಿ. ಲೀಟರ್ ಪೆಟ್ರೋಲಿಗೆ ಎರಡು ಯೂನಿಟ್ ಆಸುಪಾಸಿನಲ್ಲಿ ಕೊಡುವ ಸಣ್ಣ ಜನರೇಟರ್‌ಗೆ ಹೋಲಿಸಿದರೆ ಅರ್ಧಕ್ಕಿಂತ ಕಡಿಮೆ. ನಿಮ್ಮ ಮನೆಯಲ್ಲಿ ಕರೆಂಟು ವರ್ಷಕ್ಕೆ ಎಷ್ಟು ಗಂಟೆ ಇರುವುದಿಲ್ಲ ಎಂಬುದನ್ನು ಒಂದು ಮಳೆಗಾಲ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ ಯಾವ ಹೋಲಿಕೆ ನಿಮಗೆ ಅನ್ವಯಿಸುತ್ತದೆಂದು ತಿಳಿಯುತ್ತದೆ.

ಮೊತ್ತ ಕೈಗೆ ಮೀರಿದ್ದಾದರೆ ಕೆಲಸವನ್ನು ಎರಡು ಕಂತಿನಲ್ಲಿ ಮಾಡಬಹುದು, ಆದರೆ ಕಂತು ಬೀಳಬೇಕಾದ ಜಾಗ ಸರಿಯಾಗಿರಬೇಕು. ಇನ್ವರ್ಟರಿನ ಕನಿಷ್ಠ ವೋಲ್ಟೇಜಿಗೆ ಎರಡು ಪ್ಯಾನೆಲ್ ಸಾಕಾಗುವುದಾದರೆ ಮೂರನೆಯದನ್ನು ಮುಂದಿನ ವರ್ಷಕ್ಕೆ ಬಿಡಬಹುದು. ಆಗ ಅದೇ ವ್ಯಾಟ್, ಅದೇ ಪ್ರವಾಹದ ಪ್ಯಾನೆಲನ್ನೇ ಹುಡುಕಬೇಕಾಗುತ್ತದೆ. ಚೌಕಟ್ಟು, ತಂತಿ, ಭೂಸಂಪರ್ಕಗಳನ್ನು ಮೂರಕ್ಕೆ ಸಾಕಾಗುವಂತೆ ಮೊದಲೇ ಮಾಡಿಸಿಡಿ, ಏಕೆಂದರೆ ಮಾಡು ಎರಡು ಸಲ ಹತ್ತುವುದು ಹೆಂಚಿಗೂ ಹಣಕ್ಕೂ ನಷ್ಟ. ಟ್ಯೂಬುಲರ್ ಬ್ಯಾಟರಿಯನ್ನು ಮಾತ್ರ ಕಂತಿನಲ್ಲಿ ಕೊಳ್ಳಬೇಡಿ. ಒಂದು ವರ್ಷ ದುಡಿದ ಬ್ಯಾಟರಿಯ ಸಾಲಿಗೆ ಹೊಸದನ್ನು ಸೇರಿಸಿದರೆ ಹಳೆಯದರ ದೌರ್ಬಲ್ಯಕ್ಕೆ ತಕ್ಕಂತೆ ಇಡೀ ಸಾಲು ನಡೆದು, ಹೊಸದರ ಆಯುಷ್ಯವೂ ಅದರ ಜೊತೆಗೇ ಮುಗಿಯುತ್ತದೆ. ನಾಲ್ಕನ್ನೂ ಒಂದೇ ದಿನ, ಒಂದೇ ತಯಾರಿಕೆಯ ತಿಂಗಳಿನವು ಎಂದು ನೋಡಿ ತನ್ನಿ, ಬಿಲ್ಲಿನಲ್ಲಿ ನಾಲ್ಕರ ಕ್ರಮಸಂಖ್ಯೆಯನ್ನೂ ಬರೆಸಿಕೊಳ್ಳಿ.